ಪೋ ಅಂದರೆ ಬಾ

ಹೊಸೂರಿನ ಮೂಕಂಡಪಲ್ಲಿಯ ನಮ್ಮ ಮನೆಯಲ್ಲಿ ಚಳಿಗಾಲ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ನನ್ನ ಮಂಕಿ ಟೋಪಿ ಅಟ್ಟದಿಂದ ಇಳಿದ ದಿನ ಬರುತ್ತದೆ. ಈ ಸಲ ಕಾರ್ತಿಕ ಮುಗಿಯುವ ಮೊದಲೇ ಇಳಿಸಿದೆ. ತಲೆಗೆ ಹಾಕಿಕೊಳ್ಳುವ ಮುಂಚೆ ಒಂದು ಸಲ ಕೊಡವಿದರೆ, ಆಗ ತಾನೇ ಒರೆಸಿದ್ದ ನೆಲದ ಮೇಲೆ ಜರ್ರನೆ ಮರಳು ಸುರಿಯಿತು. ನಮ್ಮಾಕೆ ರತ್ನ ಅಡುಗೆಮನೆಯಿಂದ ಬಂದು ಮರಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೇರೆ ದಿನವಾಗಿದ್ದರೆ ಪೊರಕೆ ನೇರವಾಗಿ ನನ್ನ ಕೈಗೆ ಬರುತ್ತಿತ್ತು. ಅವತ್ತು ಅವಳೇ ಬಗ್ಗಿ, ಬೆರಳ ತುದಿಯಲ್ಲಿ ಒಂದಿಷ್ಟು ಮರಳು ತೆಗೆದುಕೊಂಡು ಮೂಸಿ, "ಇನ್ನೂ ಮೀನ್ ವಾಸ್ನೆ ಐತೆ ನೋಡ್ರಿ" ಎಂದಳು.

ಹೊಸೂರಿಗೆ ಸಮುದ್ರದ ಮರಳು ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಆದರೆ ಸಮುದ್ರಕ್ಕೆ ಹೋಗುವ ಮೊದಲು ನಮ್ಮ ಅವ್ವನ ಹತ್ತಿರ ಒಂದು ನಿಮಿಷ ಹೋಗಿಬರಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಹುಟ್ಟಿದ್ದು ಬಾಗಲೂರಿನ ಪಕ್ಕದ ಹಳ್ಳಿಯಲ್ಲಿ. ಸ್ಕೂಲಿಗೆ ಹೊರಡುವಾಗ, ಪುಸ್ತಕದ ಚೀಲ ಹೆಗಲಿಗೇರಿಸಿ, ಬಾಯಲ್ಲಿ ಇನ್ನೂ ರಾಗಿರೊಟ್ಟಿಯ ತುಂಡು ಇರುವಾಗಲೇ, "ಅವ್ವಾ, ಹೋಗ್ತೀನಿ" ಎಂದು ಕೂಗಿ ಓಡುವುದು ನನ್ನ ಅಭ್ಯಾಸ. ಅವ್ವ ಸಗಣಿ ಕೈಯಲ್ಲೇ ಕೊಟ್ಟಿಗೆಯಿಂದ ಓಡಿಬಂದು ಚೀಲ ಹಿಡಿದು ಎಳೆಯುತ್ತಿದ್ದಳು.

"ಏನ್ಲಾ ಅಂದೆ? ಹೋಗ್ತೀನಿ ಅಂತಾರೇನ್ಲಾ ಹೊಸಿಲ್ ಮೇಲೆ? ಬಾರ್ಲಾ ಒಳಕ್ಕೆ. ಕುಂತ್ಕ. ನೀರ್ ಕುಡಿ. ಈಗ ನೆಟ್ಟಗೆ ಹೇಳು."

"ಹೋಗ್ಬತ್ತೀನಿ ಅವ್ವ."

ಇಷ್ಟಾಗುವ ಹೊತ್ತಿಗೆ ಅಲ್ಲಿ ಸ್ಕೂಲಿನ ಗಂಟೆ ಹೊಡೆದಿರುತ್ತಿತ್ತು. ನಮ್ಮ ತಮಿಳು ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ, "ಏಂಡಾ ಲೇಟು?" ಎಂದು ಕೇಳುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ನಿಜ ಹೇಳಿಬಿಟ್ಟೆ: "ಸಾರ್, ಪೋಯಿಟ್ಟು ವರೇನ್ ಅನ್ನೋ ಬದ್ಲು ಪೋರೇನ್ ಅಂದ್ಬುಟ್ಟೆ. ಅದಕ್ಕೆ ನಮ್ಮವ್ವ ವಾಪಸ್ ಕೂರಿಸ್ಬುಟ್ಳು." ಮೇಷ್ಟ್ರು ಎತ್ತಿದ ಬೆತ್ತ ಇಳಿಸಿ, "ಎಂಗಮ್ಮಾವುಂ ಅಪ್ಪಡಿದಾಂಡಾ" ಎಂದರು. ಅವರ ತಾಯಿಯೂ ಹಾಗೆಯೇ ಅಂತೆ. ಅವತ್ತು ನನಗೆ ಏಟು ಬೀಳಲಿಲ್ಲ. ಮರುದಿನದಿಂದ ತರಗತಿಯಲ್ಲಿ ತಡವಾಗಿ ಬಂದವರೆಲ್ಲ ಇದೇ ಕಾರಣ ಹೇಳತೊಡಗಿದ್ದರಿಂದ ಆ ರಿಯಾಯಿತಿ ಒಂದೇ ವಾರಕ್ಕೆ ಮುಗಿಯಿತು.

ಮದುವೆಯಾದ ಮೇಲೆ ಅವ್ವನ ಈ ಕಾನೂನನ್ನು ರತ್ನ ಇನ್ನಷ್ಟು ಬಿಗಿ ಮಾಡಿದಳು. ಅವಳಿಗೆ ಇದು ಬರೀ ಶಾಸ್ತ್ರವಲ್ಲ. ಅವಳಪ್ಪ ಶೂಲಗಿರಿಯಲ್ಲಿ ಲಾರಿ ಓಡಿಸುತ್ತಿದ್ದವರು. ಒಂದು ಬೆಳಿಗ್ಗೆ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಹೆಂಡತಿಯ ಮೇಲೆ ಸಿಡುಕಿ, ಲೋಟ ಅಲ್ಲೇ ಕುಕ್ಕಿ, ಹೊಸಿಲ ಮೇಲೆ ನಿಂತು "ಹೋಗ್ತೀನಿ" ಎಂದು ಒಂದೇ ಮಾತು ಹೇಳಿ ಹೊರಟರಂತೆ. ಲಾರಿ ಸೇಲಂ ದಾರಿಯ ಘಾಟಿಯಲ್ಲಿ ಉರುಳಿತು. ಆಗ ರತ್ನಳಿಗೆ ಒಂಬತ್ತು ವರ್ಷ. ಬಾಗಿಲ ಪಕ್ಕ ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅಪ್ಪನನ್ನು ವಾಪಸ್ ಕರೆದು ನೀರು ಕೊಡಬೇಕೆಂದು ಅವಳಿಗೆ ಅನ್ನಿಸಿತ್ತಂತೆ. ಅಪ್ಪನ ಸಿಟ್ಟಿಗೆ ಹೆದರಿ ಸುಮ್ಮನಿದ್ದಳು.

ಸಕ್ಕರೆಗೂ ಮಾತಿಗೂ ಘಾಟಿಗೂ ಸಂಬಂಧವಿಲ್ಲ ಎಂದು ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ ವಾದ ಮಾಡಿದ್ದೆ. ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಕೂದಲೆಳೆಯ ಅಳತೆ ಹಿಡಿಯುತ್ತಿದ್ದವನಿಗೆ ಎಲ್ಲಕ್ಕೂ ಕಾರಣ ಬೇಕು ಎಂಬ ಕೊಬ್ಬು ಇತ್ತು. ರತ್ನ ಪೂರ್ತಿ ಕೇಳಿಸಿಕೊಂಡಳು. ಮರುದಿನ ನಾನು ಶಿಫ್ಟಿಗೆ ಹೊರಡುವಾಗ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ನಾನು ವಾದ ಮಾಡಲಿಲ್ಲ.

ಹೀಗಾಗಿ ಕನ್ನಡದ 'ಹೋಗು', ತಮಿಳಿನ 'ಪೋ', ತೆಲುಗಿನ 'ಪೋ' ಮೂರಕ್ಕೂ ನಮ್ಮ ಮನೆಯ ಹೊಸಿಲಿನಲ್ಲಿ ನಿಷೇಧ. ಸೋಪಿನ ಪುಡಿ ಮಾರಲು ಬಂದವರಿಗೂ ರತ್ನ, "ಇವತ್ ಬೇಡ, ಇನ್ನೊಂದ್ ದಿವ್ಸ ಬಾಮ್ಮ" ಎನ್ನುತ್ತಾಳೆ. ಅವರು ಇನ್ನೊಂದು ದಿವಸ ಬಂದೇ ಬರುತ್ತಾರೆ. ಹಾಲಿಗೆ ಬಾಯಿಟ್ಟ ಬೆಕ್ಕನ್ನು ಕೂಡ ಅವಳು "ಆಮೇಲೆ ಬಾ ನೀನು" ಎಂದು ಗದರಿಸಿ ಓಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಸಮುದ್ರ.

ರತ್ನಳಿಗೆ ಉಬ್ಬಸ. ಹೊಸೂರಿನ ಧನುರ್ಮಾಸ ನಿಮಗೆ ಗೊತ್ತಿದ್ದರೆ ಸರಿ. ಗೊತ್ತಿಲ್ಲದಿದ್ದರೆ, ಬೆಳಿಗ್ಗೆ ಆರಕ್ಕೆ ಫ್ಯಾಕ್ಟರಿ ಬಸ್ಸಿಗೆ ಕಾಯುವವರ ಮುಖ ಮಂಜಿನಲ್ಲಿ ಕಾಣುವುದಿಲ್ಲ, ಕೆಮ್ಮು ಮಾತ್ರ ಕೇಳುತ್ತದೆ. ನಾನು ರಿಟೈರ್ ಆದ ವರ್ಷ ಅವಳ ಉಬ್ಬಸ ಜಾಸ್ತಿಯಾಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕಾಗುತ್ತಿತ್ತು. ಡಾಕ್ಟರು, "ಎರಡು ತಿಂಗಳು ಎಲ್ಲಾದರೂ ಬೆಚ್ಚಗಿರುವ ಕಡೆ ಇರಿ" ಎಂದರು. ಅದೇ ಹೊತ್ತಿಗೆ ಅವಳ ತಮ್ಮ ಸಂಪಂಗಿ ಪಾಂಡಿಚೇರಿ ದಾಟಿ ಕಡಲೂರಿನ ದಾರಿಯಲ್ಲಿ ಒಂದು ಸರ್ವೆ ತೋಪನ್ನು ಗುತ್ತಿಗೆಗೆ ಹಿಡಿದು, ಹತ್ತು ಟೆಂಟು ಹಾಕಿ, ಸಮುದ್ರ ನೋಡಲು ಬರುವವರಿಗೆ ಕೊಡುತ್ತಿದ್ದ.

"ಬಾವ, ನೀವ್ ಬಂದು ಟೆಂಟ್ ನೋಡ್ಕಳ್ರಿ. ಅಕ್ಕ ಗಾಳಿ ಕುಡ್ಕಂಡ್ ಕೂತಿರ್ಲಿ. ಶಿವರಾತ್ರಿ ಹೊತ್ಗೆ ವಾಪಸ್ ಹೋಗೀರಂತೆ" ಎಂದು ಫೋನಿನಲ್ಲಿ ಹೇಳಿದ.

"ವಾಪಸ್ ಬರೀರಂತೆ ಅನ್ನೋ" ಎಂದು ರತ್ನ ತಿದ್ದಿದಳು.

ನಾನು ಮಂಕಿ ಟೋಪಿ, ಎರಡು ಸ್ವೆಟರು, ಒಂದು ಕಂಬಳಿ ಕಟ್ಟಿಕೊಂಡೆ. ಸಮುದ್ರ ಎಂದರೆ ನೀರು, ನೀರು ಎಂದರೆ ಥಂಡಿ ಎಂಬುದು ನನ್ನ ತಿಳಿವಳಿಕೆ. ಅಲ್ಲಿ ಇಳಿದ ಹತ್ತು ನಿಮಿಷಕ್ಕೆ ಬನಿಯನ್ನು ಒದ್ದೆಯಾಯಿತು. ಸೋತೆ ಎಂದು ಒಪ್ಪಿಕೊಳ್ಳಲು ಮನಸ್ಸು ಬಾರದೆ, ಬೆಳಗಿನ ಜಾವದ ನಡಿಗೆಗೆ ಮಾತ್ರ ಟೋಪಿ ಹಾಕಿಕೊಳ್ಳುತ್ತಿದ್ದೆ. ಬೆಂಗಳೂರಿನಿಂದ ಬಂದ ಮೂವರು ಹುಡುಗಿಯರು, ಚಡ್ಡಿ ಹಾಕಿಕೊಂಡು ಅಲೆಯಲ್ಲಿ ಆಡುತ್ತಿದ್ದವರು, ನನ್ನನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ನನ್ನ ಮೇಲಿನ ಗೌರವದಿಂದ ಎಂದುಕೊಂಡಿದ್ದೆ. ಟೋಪಿಯ ದೆಸೆಯಿಂದ ಎಂದು ರತ್ನ ಆಮೇಲೆ ಹೇಳಿದಳು.

ಅಡುಗೆಗೂ ಕಾವಲಿಗೂ ಏಳುಮಲೈ ಎಂಬ ಮೀನುಗಾರ ಇದ್ದ. ನನ್ನ ವಯಸ್ಸಿನವನೇ. ಟೆಂಟುಗಳ ಹಗ್ಗವನ್ನು ಅವನು ಕಣ್ಣಂದಾಜಿನಲ್ಲಿ ಕಟ್ಟಿದ್ದ. ಟೂಲ್ ರೂಮಿನವನಿಗೆ ಅದು ಸಹಿಸುವುದುಂಟೇ? ನಾನು ರಸಮಟ್ಟ ಇಟ್ಟು, ದಾರ ಹಿಡಿದು, ಒಂದು ಇಡೀ ದಿನ ಎರಡು ಟೆಂಟುಗಳನ್ನು ನೆಟ್ಟಗೆ ಮಾಡಿದೆ. ಏಳುಮಲೈ ಬೀಡಿ ಸೇದುತ್ತಾ ನೋಡುತ್ತಿದ್ದ. "ಕಾತ್ತು ವಂದಾ ಎಲ್ಲಾಂ ಒಣ್ಣುದಾನ್ ಸಾರ್" ಎಂದ, ಗಾಳಿ ಬಂದರೆ ಎಲ್ಲವೂ ಒಂದೇ ಎಂದು. ಗಾಳಿ ಬಂದಾಗ ಎಲ್ಲವೂ ಒಂದೇ ಆಗಲಿಲ್ಲ. ನಾನು ನೆಟ್ಟಗೆ ಮಾಡಿದ ಎರಡು ಮಾತ್ರ ಬಿದ್ದವು.

ನಾಯಿ ಬಂದದ್ದು ಎರಡನೆಯ ದಿನ ಬೆಳಿಗ್ಗೆ. ಕಂದು ಬಣ್ಣ, ಸುರುಳಿ ಬಾಲ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ನಾನು ಮರದ ಕೆಳಗೆ ಕೂತು ಇಡ್ಲಿ ತಿನ್ನುತ್ತಿದ್ದೆ. ಅದು ಮೂರಡಿ ದೂರದಲ್ಲಿ ಕೂತು ನನ್ನ ತಟ್ಟೆಯನ್ನು ಓದತೊಡಗಿತು. ನನಗೆ ನಾಯಿ ಎಂದರೆ ಆಗದು. ಏಳನೆಯ ವಯಸ್ಸಿನಲ್ಲಿ ಕಚ್ಚಿಸಿಕೊಂಡು ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡವನು ನಾನು. ಇವತ್ತಿಗೂ ನಾಯಿ ಕಂಡರೆ ಕೈ ಮೊದಲು ಹೊಕ್ಕಳಿಗೆ ಹೋಗುತ್ತದೆ.

"ಹಚಾ!" ಎಂದೆ. ಅದು ಅಲ್ಲಾಡಲಿಲ್ಲ.

ತಕ್ಷಣ ನನ್ನ ಬುದ್ಧಿ ಕೆಲಸ ಮಾಡಿತು. ನಮ್ಮ ಹೊಸೂರಿನ ನಾಯಿಗಳಿಗೆ ಮೂರು ಭಾಷೆ ಬರುತ್ತದೆ. ಇದು ಕಡಲ ತೀರದ ನಾಯಿ, ಪಾಪ, ತಮಿಳೊಂದೇ ಇರಬೇಕು. ಮೂವತ್ತಾರು ವರ್ಷ ತಮಿಳು ಸೂಪರ್‌ವೈಸರುಗಳ ಕೈಕೆಳಗೆ ಕಲಿತ ಭಾಷೆಯನ್ನು ಗಂಟಲಿಗೆ ತಂದುಕೊಂಡು, "ಪೋ!" ಎಂದು ಗದರಿದೆ. ಸರಿಯಾಗಿ ಆ ಕ್ಷಣಕ್ಕೆ ನನ್ನ ಬೆನ್ನ ಹಿಂದಿನಿಂದ ರತ್ನ ಎಸೆದ ಇಡ್ಲಿ ನಾಯಿಯ ಮುಂದೆ ಬಿತ್ತು. ಅವಳು ಎಸೆದದ್ದು ನನಗೆ ಕಾಣಲಿಲ್ಲ, ನಾಯಿಗೆ ಅವಳು ಕಾಣಲಿಲ್ಲ. ಅದಕ್ಕೆ ಕಂಡದ್ದು ನನ್ನ ಬಾಯಿ ಮತ್ತು ಇಡ್ಲಿ.

ಮಧ್ಯಾಹ್ನವೂ ಹೀಗೇ ಆಯಿತು. ನಾನು "ಪೋ ಪೋ" ಎಂದೆ, ಎರಡು ತುತ್ತು ಅನ್ನ ಬಿತ್ತು. ಮೂರನೆಯ ದಿನ ನಾನು ದೂರದಲ್ಲಿ ಬರುತ್ತಿದ್ದ ಇನ್ಯಾವುದೋ ನಾಯಿಯನ್ನು ನೋಡಿ "ಪೋ!" ಎಂದರೆ, ಇದು ದೋಣಿಗಳ ಮರೆಯಿಂದ ಎದ್ದು, ಮರಳು ಹಾರಿಸುತ್ತಾ ಓಡಿಬಂದು ನನ್ನ ಕಾಲ ಬುಡದಲ್ಲಿ ಕೂತಿತು. ಹೊಕ್ಕಳು ಹಿಡಿದುಕೊಂಡು ನಿಂತೆ. ನಾನು ಓಡಿಸಲು ಆಡಿದ ಮಾತು ಅದರ ಹೆಸರಾಗಿಹೋಗಿತ್ತು. ಬಿದ್ದು ಬಿದ್ದು ನಕ್ಕ ಏಳುಮಲೈ ಅಂದಿನಿಂದ ಅದನ್ನು ಕರೆಯುವಾಗಲೆಲ್ಲ "ಪೋ ಸಾರ್" ಎಂದು ನನ್ನ ಗೌರವವನ್ನೂ ಸೇರಿಸಿ ಕರೆದ. ಟೆಂಟಿಗೆ ಬಂದವರು ಯಾವುದೋ ವಿದೇಶದ ಹೆಸರಿರಬೇಕೆಂದು ಮೆಚ್ಚಿಕೊಂಡರು.

ರತ್ನ ಮಾತ್ರ ಒಪ್ಪಲಿಲ್ಲ.

"ಥೂ, ಅದೊಂದ್ ಹೆಸ್ರೇನ್ರಿ? ದಿನಾ ಅನ್ನ ಹಾಕಿ ದಿನಾ ಹೋಗು ಅನ್ನೋದಾ? ನನ್ ಬಾಯಲ್ಲಿ ಆ ಮಾತ್ ಬರಲ್ಲ."

ಅವಳು ಅದಕ್ಕೆ ಮುತ್ತು ಎಂದು ಹೆಸರಿಟ್ಟಳು. "ಮುತ್ತೂ, ಬಾರೋ ಕಂದ" ಎಂದು ದಿನವಿಡೀ ಕರೆದಳು. ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ. ಕೊನೆಗೆ ಅವಳು ತಟ್ಟೆ ಬಡಿದು ಕರೆಯುವುದನ್ನು ರೂಢಿ ಮಾಡಿಕೊಂಡಳು. ಎರಡು ತಿಂಗಳಲ್ಲಿ ಒಮ್ಮೆಯೂ ಅವಳ ಬಾಯಲ್ಲಿ ಪೋ ಎಂಬುದು ಬರಲಿಲ್ಲ.

ಒಂದು ದಿನ ನನ್ನ ಮಂಕಿ ಟೋಪಿ ಕಾಣೆಯಾಯಿತು. ನಾನು ಏಳುಮಲೈಯನ್ನು ಸುತ್ತಿ ಬಳಸಿ ವಿಚಾರಿಸಿದೆ. ಟೆಂಟಿನಲ್ಲಿದ್ದ ಒಬ್ಬ ಮರ್ಯಾದಸ್ಥರ ತಲೆಯನ್ನೂ ಅನುಮಾನದಿಂದ ನೋಡಿದೆ. ವಾರ ಕಳೆದ ಮೇಲೆ ನಾಯಿ ನಮ್ಮ ಟೆಂಟಿನ ಹಿಂದೆ ಮುಂಗಾಲಿನಿಂದ ಮರಳು ತೋಡಿ, ಟೋಪಿಯನ್ನು ಎಳೆದು ತಂದು ನನ್ನ ಮುಂದಿಟ್ಟು, ಬಾಲ ಆಡಿಸುತ್ತಾ ನಿಂತಿತು. ತಾನೇ ಹುಡುಕಿಕೊಟ್ಟಂತೆ ಅದರ ಮುಖ. ಬಯ್ಯಲೆಂದು ಬಗ್ಗಿದವನು ಟೋಪಿ ಎತ್ತಿಕೊಂಡೆ. ಕೊಡವಿ ಹಾಕಿಕೊಂಡೆ. ಎಷ್ಟು ಕೊಡವಿದರೂ ಉಳಿದ ಮರಳೇ ಈಗ ನಮ್ಮ ಮನೆಯ ನೆಲದ ಮೇಲೆ ಸುರಿದದ್ದು.

ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಟೋಪಿಯಿಂದಲ್ಲ. ಬೆಳಿಗ್ಗೆ ರತ್ನ ಬಲೆ ಎಳೆಯುವ ಜಾಗದವರೆಗೆ ನಡೆಯುತ್ತಿದ್ದಳು. ಮೊದಮೊದಲು ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಟೋಪಿ ಹಾಕಿಕೊಂಡ ನಾನು ನನ್ನ ಪಾಡಿಗೆ ಮುಂದೆ ಹೋಗಿಬಿಡುತ್ತಿದ್ದೆ, ಅದು ನನ್ನ ಹಳೆಯ ದುರಭ್ಯಾಸ. ಒಮ್ಮೆ ತಿರುಗಿ ನೋಡಿದರೆ ಅವಳು ಮರಳಿನ ಮೇಲೆ ಕೂತಿದ್ದಾಳೆ, ನಾಯಿ ಅವಳ ಪಕ್ಕ ಕೂತಿದೆ. ಅವಳು ಏಳುವವರೆಗೆ ಅದೂ ಏಳಲಿಲ್ಲ. ಅವಳು ನಿಂತಲ್ಲಿ ನಿಂತು, ನಡೆದಲ್ಲಿ ನಡೆದು ಬಂತು. ನಾಚಿಕೆಯಾಯಿತು. ಅಂದಿನಿಂದ ನಾನೂ ಅವರಿಬ್ಬರ ಹಿಂದೆ ನಡೆದೆ. ಜನವರಿ ಕಳೆಯುವ ಹೊತ್ತಿಗೆ ರತ್ನ ಒಮ್ಮೆಯೂ ಕೂರದೆ ಬಲೆಯವರೆಗೆ ಹೋಗಿ ಬರುತ್ತಿದ್ದಳು.

ಶಿವರಾತ್ರಿ ಹತ್ತಿರ ಬಂತು. ಬಿಸಿಲು ಏರಿತು, ಬರುವವರು ಕಡಿಮೆಯಾದರು, ಸಂಪಂಗಿ ಟೆಂಟುಗಳನ್ನು ಸುತ್ತಿಸಿದ. ಏಳುಮಲೈ ಮತ್ತೆ ದೋಣಿಗೆ ಹೋಗುವವನು. ನಾಯಿಯ ವಿಷಯ ನಾವಿಬ್ಬರೂ ಎತ್ತಲಿಲ್ಲ. ಎತ್ತಿದ್ದು ಅವನೇ. "ಯಾರೋಡ ನಾಯುಂ ಇಲ್ಲ ಸಾರ್. ಕೂಟ್ಟಿಟ್ಟು ಪೋಂಗಳೇನ್" ಎಂದ, ಯಾರದೂ ಅಲ್ಲ, ಕರೆದುಕೊಂಡು ಹೋಗಬಾರದೇ ಎಂದು.

"ಕಡಲ ಗಾಳಿಯ ನಾಯಿ ಕಣಪ್ಪ. ಹೊಸೂರಿನ ಚಳಿ, ಲಾರಿ, ಫ್ಯಾಕ್ಟರಿ ಸೈರನ್ನು, ಅದು ಎಲ್ಲಿ ಬದುಕುತ್ತೆ?" ಎಂದೆ. ಮಾತಿನಲ್ಲಿ ನ್ಯಾಯವಿತ್ತು. ರತ್ನ ಬಟ್ಟೆ ಮಡಚುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಅವಳು ನಾಯಿಗೆ ಆರು ಇಡ್ಲಿ ಹಾಕಿದಳು. ಏಳುಮಲೈಗೆ ಕೈಮುಗಿದು "ಪೋಯಿಟ್ಟು ವರೋಮಣ್ಣ" ಎಂದು ಕ್ರಮವಾಗಿ ಹೇಳಿದಳು. ಆಮೇಲೆ ನಾಯಿಯ ಮುಂದೆ ಬಂದು ನಿಂತಳು. ಅದಕ್ಕೆ ಏನು ಹೇಳುವುದು? 'ಹೋಗ್ತೀವಿ' ಎನ್ನಲು ಅವಳಿಗೆ ಬಾಯಿಲ್ಲ. 'ಹೋಗ್ಬತ್ತೀವಿ' ಎಂದರೆ ಸುಳ್ಳಾಗುತ್ತದೆ. ಏನೂ ಹೇಳದೆ ಬಂದು ವ್ಯಾನಿನಲ್ಲಿ ಕೂತಳು.

ನಮ್ಮ ಹಳೇ ವ್ಯಾನು ತೋಪು ದಾಟಿ ಮಣ್ಣುದಾರಿಗೆ ಇಳಿದಾಗ ಕನ್ನಡಿಯಲ್ಲಿ ನೋಡಿದೆ. ನಾಯಿ ಇಡ್ಲಿ ಬಿಟ್ಟು ಓಡಿಬರುತ್ತಿತ್ತು. ಟಾರು ರಸ್ತೆಗೆ ಬಂದರೆ ಯಾವುದಾದರೂ ಗಾಡಿಗೆ ಸಿಕ್ಕೀತೆಂದು ನನಗೆ ದಿಗಿಲಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಎದೆಯಲ್ಲಿದ್ದ ದುಃಖವನ್ನೆಲ್ಲ ಸಿಟ್ಟು ಮಾಡಿಕೊಂಡು ಕೂಗಿದೆ: "ಪೋ! ಪೋ! ಪೋಡಾ!"

ಅದು ಎರಡರಷ್ಟು ಜೋರಾಗಿ ಓಡಿಬಂತು. ನಾನು ಮತ್ತೆ ಕೂಗಿದೆ. ಅದು ನಾಲಿಗೆ ಹೊರಹಾಕಿ, ಕಿವಿ ಹಿಂದಕ್ಕೆ ಮಡಚಿ, ಸಂತೋಷದಲ್ಲಿ ಹಾರಿಕೊಂಡು ಬಂತು.

"ನಿಲ್ಸ್ರೀ" ಎಂದಳು ರತ್ನ. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನೀವೇ ಕರೀತಾ ಇದೀರ, ಅದು ಬತ್ತಾ ಐತೆ. ಅದರದ್ದೇನ್ ತಪ್ಪು?"

ನಿಲ್ಲಿಸಿದೆ. ಅದು ಅವಳ ಕಾಲ ಮೇಲಿನಿಂದ ಹಾರಿ ಒಳಗೆ ಬಂದು, ಹಿಂದಿನ ಸೀಟಿನಲ್ಲಿ ನನ್ನ ಕಂಬಳಿಯ ಮೇಲೆ ಜಾಗ ಹಿಡಿಯಿತು. ರತ್ನ ಹಳೆಯ ಸೀರೆಯ ಅಂಚು ಹರಿದು ಅದರ ಕೊರಳಿಗೆ ಕಟ್ಟಿದಳು.

ದಾರಿಯುದ್ದಕ್ಕೂ ನಾನು ಅದಕ್ಕೆ ಊರು ತೋರಿಸುತ್ತಾ ಬಂದೆ. ಸೆಂಜಿಯ ಬಂಡೆಗಳ ಮೇಲಿನ ಕೋಟೆ ತೋರಿಸಿದೆ, ತಿರುವಣ್ಣಾಮಲೆಯ ಬೆಟ್ಟ ತೋರಿಸಿ ಅದರ ಪರವಾಗಿಯೂ ಕೈಮುಗಿದೆ. ಚೆಂಗಂನಲ್ಲಿ ಅದು ನನ್ನ ಸ್ವೆಟರಿನ ಮೇಲೆ ತಿಂದಷ್ಟು ಇಡ್ಲಿಯನ್ನೂ ವಾಪಸ್ ಮಾಡಿತು. ಊತ್ತಂಗರೆ ದಾಟಿ ಕೃಷ್ಣಗಿರಿ ಇನ್ನೇನು ಬಂತು ಎನ್ನುವಾಗ ಎಂಜಿನ್ನು ಕಾದು ಹೊಗೆಯಾಡಿತು. ರಸ್ತೆ ಬದಿಯ ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಒಂದು ಕಡೆ ಬಸ್ ಸ್ಟಾಪು, ಇನ್ನೊಂದು ಕಡೆ ಕಣ್ಣಿಗೆ ಕಾಣುವಷ್ಟು ದೂರ ಮಾವಿನ ತೋಪು. ಮರಗಳು ಹೂವು ಮುಗಿಸಿ ಮಿಡಿ ಕಟ್ಟುತ್ತಿದ್ದವು. ನಾಯಿ ಉಚ್ಚೆ ಹೊಯ್ಯಲೆಂದು ಕೆಳಗಿಳಿಸಿದೆ. ಸೀರೆಯಂಚು ಅದರ ಕಾಲಿಗೆ ಸುತ್ತಿಕೊಂಡಿತ್ತು. ಬಿಡಿಸೋಣವೆಂದು ಗಂಟು ಬಿಚ್ಚಿದೆ. ಅದೇ ನಾನು ಮಾಡಿದ ತಪ್ಪು. ಪಕ್ಕದಲ್ಲೇ ಒಂದು ಲಾರಿ ಏರ್ ಹಾರನ್ ಹೊಡೆಯಿತು. ನಾಯಿ ಕೈಯಿಂದ ಜಾರಿ ತೋಪಿನೊಳಗೆ ಓಡಿಹೋಯಿತು.

ಅಷ್ಟು ದೊಡ್ಡ ತೋಪಿನಲ್ಲಿ, ಕಂದು ಮಣ್ಣಿನ ಮೇಲೆ ಒಂದು ಕಂದು ನಾಯಿ. ನಾನು ಬೇಲಿ ಹತ್ತಿರ ನಿಂತು ಕೂಗತೊಡಗಿದೆ. "ಪೋ! ಪೋ!"

ಬೈಕು ನಿಲ್ಲಿಸಿ ಟೀ ಕುಡಿಯಲು ಬಂದವನೊಬ್ಬ ಲೋಟ ಹಿಡಿದುಕೊಂಡೇ ನನ್ನನ್ನು ದುರುಗುಟ್ಟಿ ನೋಡಿದ. ಬಸ್ ಸ್ಟಾಪಿನಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ನಾಂಗ ಪೋಯಿಕ್ಕಿಟ್ಟುದಾನ್ ಇರುಕ್ಕೋಂ ಸಾಮೀ, ಏನ್ ಕತ್ತುರ?" ಎಂದ. ನಾವು ಹೋಗ್ತಾನೇ ಇದೀವಲ್ಲ, ಯಾಕೆ ಕಿರುಚ್ತೀಯ ಎಂದು. ತೋಪಿನೊಳಗಿಂದ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಕುಡುಗೋಲು ಹಿಡಿದು ಬಂದಳು. "ಎವರಯ್ಯಾ ನುವ್ವು? ನಾ ತೋಟಲೋ ನನ್ನೇ ಪೊಮ್ಮಂಟಾವಾ?" ಎಂದಳು. ಅವಳ ತೋಟದಲ್ಲಿ ಅವಳನ್ನೇ ಹೋಗು ಎನ್ನುವವನು ನಾನು ಯಾರು? ನ್ಯಾಯವಾದ ಪ್ರಶ್ನೆ.

ಕಂಡಕ್ಟರಿಗೆ ತಮಿಳಿನಲ್ಲಿ, ಆಯಮ್ಮನಿಗೆ ತೆಲುಗಿನಲ್ಲಿ, ನಡುವೆ ಗಾಬರಿಗೆ ಕನ್ನಡದಲ್ಲಿ ವಿವರಿಸಿದೆ. ನಾಯಿಯ ಹೆಸರೇ ಪೋ, ಪೋ ಎಂದರೆ ಅದು ಬರುತ್ತದೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆಯಮ್ಮ ಹುಲ್ಲಿನ ಹೊರೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಪಿನ ಕಡೆ ತಿರುಗಿ ದೊಡ್ಡ ದನಿಯಲ್ಲಿ "ಪೋ!" ಎಂದಳು. ಬೈಕಿನವನೂ ಕೂಗಿದ. ಬಸ್ಸು ಹೊರಟ ಮೇಲೂ ಕಂಡಕ್ಟರ ದನಿ "ಪೋ, ಪೋ" ಎಂದು ದೂರದವರೆಗೆ ಕೇಳಿಸಿತು. ಗೊತ್ತಿಲ್ಲದವರಿಗೆ ಅವನು ಡ್ರೈವರಿಗೆ ಹೇಳುತ್ತಿದ್ದಾನೆ ಎನ್ನಿಸಿರಬೇಕು.

ರತ್ನ ವ್ಯಾನಿನಿಂದ ಇಳಿದು ಬೇಲಿಯುದ್ದಕ್ಕೂ ತಟ್ಟೆ ಬಡಿಯುತ್ತಾ ನಡೆದಳು. "ಮುತ್ತೂ... ಮುತ್ತೂ..." ಅವಳ ಉಸಿರು ಮತ್ತೆ ಕಟ್ಟತೊಡಗಿತ್ತು, ದೂರಕ್ಕೇ ಕೇಳಿಸುತ್ತಿತ್ತು. ಸಮುದ್ರದಲ್ಲಿ ಎರಡು ತಿಂಗಳು ಕೂಡಿಸಿಕೊಂಡ ಉಸಿರನ್ನು ಅವಳು ಇಲ್ಲಿ ಚೆಲ್ಲುತ್ತಿದ್ದಾಳೆ ಎಂದು ನನಗೆ ಹೆದರಿಕೆಯಾಯಿತು. ಬೇಡವೆಂದರೂ ಬಿಡಲಿಲ್ಲ.

ಒಂದೂವರೆ ಗಂಟೆ ಕೂಗಿದೆವು. ಸೂರ್ಯ ಮಾವಿನ ಮರಗಳ ಹಿಂದಕ್ಕೆ ಇಳಿದ. ನನ್ನ ಗಂಟಲು ಒಡೆದು, ಕೊನೆಗೆ ಗಾಳಿ ಮಾತ್ರ ಬರುತ್ತಿತ್ತು. ಟೀ ಅಂಗಡಿಯವನು ಬಿಸಿನೀರು ಕೊಟ್ಟ. ವ್ಯಾನಿನ ಮೆಟ್ಟಿಲ ಮೇಲೆ ಕೂತೆ. ಆಯಮ್ಮ ಬಂದು ಏನಾಯಿತು ಎಂದು ಕೈಯಲ್ಲೇ ಕೇಳಿದಳು. ನನ್ನಲ್ಲಿ ಉಳಿದಿದ್ದ ದನಿಯನ್ನೆಲ್ಲ ಕೂಡಿಸಿ ತೆಲುಗಿನಲ್ಲಿ, ಹೋಯಿತಮ್ಮ ಎಂದೆ.

"ಪೋ... ಪೋಯಿಂದಮ್ಮಾ."

ವ್ಯಾನಿನ ಕೆಳಗೆ ಏನೋ ಟಪ್ ಟಪ್ ಎಂದಿತು. ಬಾಲ ನೆಲಕ್ಕೆ ಬಡಿಯುವ ಸದ್ದು. ನನ್ನ ಎರಡು ಕಾಲುಗಳ ನಡುವಿನಿಂದ ಒಂದು ನೆಟ್ಟಗಿನ ಕಿವಿ, ಆಮೇಲೆ ಒಂದು ಜೋತ ಕಿವಿ ಹೊರಗೆ ಬಂದವು. ಗುರುತಿಲ್ಲದವರೆಲ್ಲ ತನ್ನ ಹೆಸರು ಹಿಡಿದು ಅರಚುವುದನ್ನು ಕೇಳಿ ಹೆದರಿ, ಯಾವಾಗಲೋ ಬಂದು ಅಲ್ಲಿ ಅಡಗಿತ್ತು. ಹೋಯಿತು ಎಂದು ನಾನು ಮೆಲ್ಲಗೆ ಹೇಳಿದ್ದನ್ನು ಕೇಳಿ, ಕರೆದರೆಂದು ಬಂತು.

ಆಯಮ್ಮ ನೆಲದ ಮೇಲೆ ಕೂತು ನಕ್ಕಳು. ನಾನು ನಾಯಿಯ ಕುತ್ತಿಗೆಯಲ್ಲಿ ಮುಖ ಇಟ್ಟು ಅತ್ತೆ. ಕೈ ಹೊಕ್ಕಳಿಗೆ ಹೋಗಲಿಲ್ಲ. ರತ್ನ ಓಡುತ್ತಾ ಬಂದಳು, ಓಡಬಾರದವಳು.

ಅಲ್ಲಿಂದ ಹೊಸೂರಿಗೆ ಮಾತಿಲ್ಲದ ಪ್ರಯಾಣ. ನನಗೆ ದನಿಯಿರಲಿಲ್ಲ, ಅವಳಿಗೆ ಉಸಿರಿರಲಿಲ್ಲ. ಶೂಲಗಿರಿಯ ಹತ್ತಿರ ಅವಳು ಎಂದಿನಂತೆ ಕಿಟಕಿಯ ಹೊರಗೆ ನೋಡಿದಳು, ನಾಯಿಯ ತಲೆಯ ಮೇಲೆ ಕೈಯಿಟ್ಟುಕೊಂಡು. ಮೂಕಂಡಪಲ್ಲಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ನಾಯಿ ವ್ಯಾನಿನಿಂದ ಇಳಿಯಿತು, ಆದರೆ ಗೇಟಿನೊಳಗೆ ಬರಲಿಲ್ಲ. ಸೈರನ್ನು ಕೂಗಿತು, ಶಿಫ್ಟು ಬಿಟ್ಟ ಬಸ್ಸುಗಳು ಒಂದರ ಹಿಂದೊಂದು ಬಂದವು, ಬೀದಿ ನಾಯಿಗಳು ಮೂಲೆಯಲ್ಲಿ ಬೊಗಳಿದವು. ಅದು ಬಾಲ ಒಳಗೆ ಸೇರಿಸಿಕೊಂಡು ನಡುಗುತ್ತಾ, ನಾವು ಬಂದ ದಾರಿಯ ಕಡೆಗೇ ನೋಡುತ್ತಿತ್ತು. ಕೊರಳಿಗೆ ಮತ್ತೆ ಕಟ್ಟಿದ್ದ ಸೀರೆಯಂಚು ಹಿಡಿಯಲು ಹೋದರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಇನ್ನು ನಾಲ್ಕು ಹೆಜ್ಜೆ ಸರಿದರೆ ಹೆದ್ದಾರಿಗೆ ಹೋಗುವ ರಸ್ತೆ. ಕರೆಯಲು ಬಾಯಿ ತೆರೆದೆ. ಬರೀ ಗಾಳಿ. ಮತ್ತೆ ತೆರೆದೆ. ಅದು ನನ್ನ ಬಾಯಿಯನ್ನೇ ನೋಡಿತು, ಏನೂ ಕೇಳಿಸದೆ ಮುಖ ತಿರುಗಿಸಿತು.

ರತ್ನ ತಟ್ಟೆ ಬಡಿದಳು. ಆ ಸದ್ದಿಗೆ ಅದು ಇನ್ನೂ ಬೆಚ್ಚಿತು. "ಮುತ್ತೂ, ಬಾರೋ" ಎಂದಳು. ಬರಲಿಲ್ಲ.

ನಾನು ಅವಳನ್ನು ನೋಡಿದೆ. ಕೇಳಲಿಲ್ಲ. ಕೇಳಲು ದನಿ ಇರಲಿಲ್ಲ, ಇದ್ದಿದ್ದರೂ ಕೇಳುತ್ತಿರಲಿಲ್ಲ. ಅವಳು ತಟ್ಟೆ ಕೆಳಗಿಟ್ಟು, ನಾಲ್ಕು ಮೆಟ್ಟಿಲು ಹತ್ತಿ, ಬೀಗ ತೆಗೆದು, ದೀಪ ಹಾಕಿ, ಹೊಸಿಲು ದಾಟಿ ಒಳಗೆ ನಿಂತು, ಇತ್ತ ತಿರುಗಿದಳು. ಎರಡು ಕೈಯಲ್ಲೂ ಬಾಗಿಲವಾಡ ಹಿಡಿದುಕೊಂಡಳು. ಎರಡು ತಿಂಗಳ ಹಿಂದೆ ತಾನೇ ಬಳಿದ ಅರಿಶಿನ ಆ ಹೊಸಿಲ ಮೇಲೆ ಇನ್ನೂ ಮಾಸಲಾಗಿ ಇತ್ತು. ಅದನ್ನು ಒಂದು ಗಳಿಗೆ ನೋಡಿದಳು.

"ಪೋ" ಎಂದಳು.

ಮೆಲ್ಲಗೆ ಬಂತು ಮೊದಲು, ತುಟಿಯಲ್ಲೇ. ನಾಯಿಯ ಕಿವಿ ಎದ್ದಿತು. ಅವಳು ಕಣ್ಣು ಮುಚ್ಚಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದಳು: "ಪೋ! ಪೋ ನನ್ನಪ್ಪಾ, ಪೋ!"

ಅದು ಗೇಟು ದಾಟಿ, ಮೆಟ್ಟಿಲು ಹಾರಿ, ಹೊಸಿಲ ಮೇಲಿನಿಂದ ನುಗ್ಗಿ ಅವಳ ಸೀರೆಯ ನೆರಿಗೆಯೊಳಗೆ ತಲೆ ತೂರಿಸಿತು.

ಅವಳು ಅದನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಒಂದು ಬಟ್ಟಲು ನೀರು ತಂದು ಹೊಸಿಲ ಒಳಗಡೆ ಇಟ್ಟಳು. "ಕುಂತ್ಕ. ನೀರ್ ಕುಡಿ" ಎಂದಳು. ನಾಯಿ ಕೂತಿತು. ಬಟ್ಟಲು ಖಾಲಿಯಾಗುವವರೆಗೆ ಅವಳು ಎದುರಿಗೆ ಕೂತು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇನ್ನು ಎಲ್ಗೋದ್ರೂ ಬತ್ತಾನೆ ಬಿಡ್ರಿ."